ಮೈಕ್ರೋವೇವ್ ಪಾಪ್‌ಕಾರ್ನ್: ಗಾಜಿನ ಬೌಲ್, ಒಂದು ತಟ್ಟೆ, ಮೂರು ಚಮಚ ಕಾಳು

ಪಾಪ್‌ಕಾರ್ನ್ ತಿಂದರೆ ದಪ್ಪ ಆಗ್ತೀವಿ ಅಂತ ಹೆದರುವವರಿದ್ದಾರೆ. ಹೆದರಬೇಕಾದ್ದು ಪಾಪ್‌ಕಾರ್ನ್‌ಗಲ್ಲ, ಅದರ ಮೇಲೆ ಸುರಿಯುವ ಬೆಣ್ಣೆಗೆ, ಎಣ್ಣೆಗೆ, ಸಕ್ಕರೆ ಪಾಕಕ್ಕೆ. ಏನೂ ಹಾಕದೆ ಅರಳಿಸಿದ ಒಂದು ಕಪ್ ಪಾಪ್‌ಕಾರ್ನ್ ತೂಗುವುದು ಸುಮಾರು 8 ಗ್ರಾಂ. ಅದರಲ್ಲಿರುವುದು 30 ಕ್ಯಾಲೊರಿ ಆಸುಪಾಸು. ಮೂರು ಕಪ್ ಅಂದರೆ ಒಂದು ಬಟ್ಟಲು ತುಂಬುತ್ತದೆ, ಆದರೂ ಲೆಕ್ಕ ನೂರು ಕ್ಯಾಲೊರಿ ದಾಟುವುದಿಲ್ಲ. ಜೊತೆಗೆ ಮೂರೂವರೆ ಗ್ರಾಂನಷ್ಟು ನಾರೂ ಸಿಗುತ್ತದೆ. ಸಿಪ್ಪೆ, ಮೊಳಕೆ, ತಿರುಳು ಎಲ್ಲ ಸೇರಿದ ಇಡೀ ಧಾನ್ಯ ಇದು. ಬಾಯಾಡಿಸಲು ಇಷ್ಟು ಹಗುರವಾದ ತಿಂಡಿ ಬೇರೆ ಹುಡುಕುವುದು ಕಷ್ಟ.

ದುಡ್ಡಿನ ಲೆಕ್ಕವೂ ಹೀಗೇ. ಒಣ ಕಾಳು ಅಗ್ಗ. ದುಬಾರಿ ಆಗುವುದು ಅದನ್ನು ಎಣ್ಣೆ, ಉಪ್ಪು, ಪರಿಮಳದ ಜೊತೆ ಮಡಚಿದ ಕಾಗದದ ಚೀಲಕ್ಕೆ ತುಂಬಿ ಮಾರಿದಾಗ. ಆ ಚೀಲ ಮಾಡುವ ಕೆಲಸವನ್ನು ನಿಮ್ಮ ಅಡುಗೆಮನೆಯ ಗಾಜಿನ ಬೌಲ್ ಮಾಡುತ್ತದೆ. ಬೌಲ್, ಮುಚ್ಚಲು ತಟ್ಟೆ, ಕಾಳು, ಮೈಕ್ರೋವೇವ್, ನಿಮ್ಮ ಕಿವಿ. ಇಷ್ಟಿದ್ದರೆ ಆಯ್ತು. ಕಿವಿಯನ್ನು ಸುಮ್ನೆ ಸೇರಿಸಿದ್ದಲ್ಲ. ಈ ಅಡುಗೆಯಲ್ಲಿ ಗಡಿಯಾರಕ್ಕಿಂತ ಕಿವಿಯನ್ನೇ ಜಾಸ್ತಿ ನಂಬಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎಣ್ಣೆ ಇಲ್ಲದೆ ಅರಳುವುದು ಹೇಗೆ?

ಇದು ಗೊತ್ತಾದರೆ ಉಳಿದ ಎಲ್ಲ ಸೂಚನೆಗಳೂ ತಾವಾಗಿಯೇ ಅರ್ಥವಾಗುತ್ತವೆ. ಅದಕ್ಕೆ ಮೊದಲು ಇದನ್ನೇ ಹೇಳಿಬಿಡುತ್ತೇನೆ.

ಒಣಗಿ ಗಟ್ಟಿಯಾಗಿ ಕಾಣುವ ಪಾಪ್‌ಕಾರ್ನ್ ಕಾಳಿನೊಳಗೆ ನೀರಿದೆ. ಒಳ್ಳೆಯ ಕಾಳಿನ ತೂಕದಲ್ಲಿ ಸುಮಾರು ಶೇ 14ರಷ್ಟು ನೀರೇ. ಹೊರಗಿನ ಸಿಪ್ಪೆ ತುಂಬಾ ಗಟ್ಟಿ, ಹಬೆಯನ್ನು ಹೊರಗೆ ಬಿಡುವುದಿಲ್ಲ. ಕಾಳು ಬಿಸಿಯಾದಂತೆ ಒಳಗಿನ ನೀರು ಹಬೆಯಾಗಲು ಹವಣಿಸುತ್ತದೆ. ಹೋಗಲು ದಾರಿ ಇಲ್ಲ. ಪ್ರೆಷರ್ ಕುಕ್ಕರ್‌ನಲ್ಲಿ ಆಗುವಂತೆ ಒತ್ತಡ ಏರುತ್ತಾ ಹೋಗುತ್ತದೆ. ಅದೇ ಬಿಸಿಗೆ ತಿರುಳಿನ ಪಿಷ್ಟ ಬೆಂದು ಮೆತ್ತಗಾಗುತ್ತದೆ. 180 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಒಂಬತ್ತು ಪಟ್ಟಿನಷ್ಟಿರುತ್ತದೆ. ಆಗ ಸಿಪ್ಪೆ ತಡೆಯುವುದಿಲ್ಲ. ಚಟ್ ಅಂತ ಬಿರಿಯುತ್ತದೆ. ಹಬೆ ಒಮ್ಮೆಲೇ ಹಿಗ್ಗಿ ಹೊರಗೆ ನುಗ್ಗುತ್ತದೆ, ಮೆತ್ತಗಾದ ಪಿಷ್ಟವನ್ನು ಉಬ್ಬಿಸುತ್ತದೆ. ಉಬ್ಬಿದ ಪಿಷ್ಟ ಅಷ್ಟೇ ಬೇಗ ತಣಿದು ಬಿಳಿ ಹೂವಾಗಿ ಗಟ್ಟಿಯಾಗುತ್ತದೆ. ಒಂದು ಕಾಳು ತನ್ನ ಗಾತ್ರದ ಇಪ್ಪತ್ತರಿಂದ ನಲವತ್ತು ಪಟ್ಟು ಹಿಗ್ಗುತ್ತದೆ.

ಇದರಲ್ಲಿ ಎಣ್ಣೆಯ ಪಾತ್ರ ಎಲ್ಲಿದೆ? ಒಲೆಯ ಮೇಲಿನ ಬಾಣಲೆಯಲ್ಲಿ ಇದೆ. ಅಲ್ಲಿ ಲೋಹದ ಬಿಸಿ ದುಂಡನೆಯ ಕಾಳಿನ ಎಲ್ಲ ಬದಿಗೂ ತಲುಪಬೇಕು. ಆ ಕೆಲಸಕ್ಕೆ ಎಣ್ಣೆ ಬೇಕು. ಮೈಕ್ರೋವೇವ್‌ನಲ್ಲಿ ಅಲೆಗಳು ಕಾಳಿನೊಳಗಿನ ನೀರಿಗೇ ನೇರವಾಗಿ ಬಿಸಿ ಮುಟ್ಟಿಸುತ್ತವೆ. ಹಾಗಾಗಿ ಎಣ್ಣೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಪಾಪ್‌ಕಾರ್ನ್ ಆಗುತ್ತದೆ.

2015ರಲ್ಲಿ ಫ್ರಾನ್ಸ್‌ನ ಇಬ್ಬರು ಸಂಶೋಧಕರು ಇದನ್ನು ಚೆನ್ನಾಗಿ ಅಳೆದು ತೋರಿಸಿದರು. ಓವನ್ ಬಿಸಿ 170 ಡಿಗ್ರಿ ಇದ್ದಾಗ ಅರಳಿದ್ದು ಶೇ 34ರಷ್ಟು ಕಾಳು ಮಾತ್ರ. ಹತ್ತೇ ಡಿಗ್ರಿ ಏರಿಸಿದಾಗ ಶೇ 96ರಷ್ಟು ಅರಳಿದವು. ಆ ಚಟ್ ಸದ್ದು ಸಿಪ್ಪೆ ಒಡೆಯುವ ಸದ್ದಲ್ಲ, ಹಬೆ ಹೊರಗೆ ನುಗ್ಗುವ ಸದ್ದು ಅಂತಲೂ ಅವರೇ ಕಂಡುಕೊಂಡರು.

ಮೈಕ್ರೋವೇವ್‌ಗೂ ಪಾಪ್‌ಕಾರ್ನ್‌ಗೂ ನಂಟು ಹಳೆಯದು. ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ರೇಡಾರ್ ಉಪಕರಣಗಳ ಮೇಲೆ ಕೆಲಸ ಮಾಡುತ್ತಿದ್ದ ಪರ್ಸಿ ಸ್ಪೆನ್ಸರ್ 1940ರ ದಶಕದಲ್ಲಿ ಮೈಕ್ರೋವೇವ್ ಅಡುಗೆಯನ್ನು ಕಂಡುಹಿಡಿದಾಗ, ಮೊದಮೊದಲು ಪ್ರಯೋಗಿಸಿ ನೋಡಿದ ತಿನಿಸುಗಳಲ್ಲಿ ಇದೂ ಒಂದು. ಪಾಪ್‌ಕಾರ್ನ್ ಜೋಳವನ್ನು ತೆನೆ ಸಮೇತ ಚೀಲದಲ್ಲಿಟ್ಟು ಮೈಕ್ರೋವೇವ್‌ನಲ್ಲಿ ಅರಳಿಸುವ ವಿಧಾನಕ್ಕೆ 1949ರಲ್ಲಿ ಅವರಿಗೆ ಪೇಟೆಂಟ್ ಕೂಡ ಸಿಕ್ಕಿತು.

ಕಾಳು ಕೊಳ್ಳುವಾಗ

ಎಲ್ಲ ಮೆಕ್ಕೆಜೋಳವೂ ಅರಳುವುದಿಲ್ಲ. ಬೇಯಿಸಿ ತಿನ್ನುವ ಸಿಹಿ ಜೋಳ ಒಣಗಿಸಿ ಇಟ್ಟರೆ ಪಾಪ್‌ಕಾರ್ನ್ ಆಗುವುದಿಲ್ಲ. ಹಿಟ್ಟಿಗೆ ಬಳಸುವ ಜೋಳವೂ ಅಷ್ಟೇ, ಬಿರುಕು ಬಿಡಬಹುದು, ಹೂವಾಗುವುದಿಲ್ಲ. ಪಾಪ್‌ಕಾರ್ನ್‌ಗೆ ಅಂತಲೇ ಬೆಳೆಯುವ ತಳಿ ಬೇರೆ. ಅದರ ಕಾಳು ಚಿಕ್ಕದು, ದುಂಡಗೆ, ಹೊಳಪಾಗಿ ಇರುತ್ತದೆ. ಪೊಟ್ಟಣದ ಮೇಲೆ ಪಾಪ್‌ಕಾರ್ನ್ ಕಾಳು ಅಂತ ಬರೆದಿದೆಯಾ ನೋಡಿಕೊಳ್ಳಿ. ಪದಾರ್ಥಗಳ ಪಟ್ಟಿಯಲ್ಲಿ ಜೋಳ ಒಂದೇ ಇರಬೇಕು.

ಬೆಲೆ ಹೋಲಿಸುವಾಗ ಪೊಟ್ಟಣದ ಬೆಲೆ ನೋಡಬೇಡಿ. ಬೆಲೆಯನ್ನು ಗ್ರಾಂನಿಂದ ಭಾಗಿಸಿ ನೂರು ಗ್ರಾಂಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ. ಮೈಕ್ರೋವೇವ್ ಪ್ಯಾಕೆಟ್‌ನ ತೂಕದಲ್ಲಿ ಎಣ್ಣೆ, ಉಪ್ಪು ಕೂಡ ಸೇರಿರುತ್ತದೆ ಅನ್ನುವುದನ್ನು ಮರೆಯಬೇಡಿ. ಜೋಳದ ಬೆಲೆ ಕೊಡುತ್ತಿದ್ದೇವೆ ಅಂದುಕೊಂಡು ಎಣ್ಣೆಗೂ ಚೀಲಕ್ಕೂ ಕೊಡುತ್ತಿರುತ್ತೇವೆ. ಬಿಡಿ ಕಾಳಿನ ಒಂದು ಕಿಲೋದಲ್ಲಿ ಕೆಳಗೆ ಹೇಳುವ ಅಳತೆಯ ಪಾಪ್‌ಕಾರ್ನ್ ಇಪ್ಪತ್ತೈದು ಸಲಕ್ಕಿಂತ ಹೆಚ್ಚು ಮಾಡಬಹುದು. ಈ ಒಂದು ಲೆಕ್ಕ ಮಾಡಿ ನೋಡಿದರೆ ಪ್ಯಾಕೆಟ್ ಕಡೆಗೆ ಕೈ ಹೋಗುವುದಿಲ್ಲ.

ಹಾಗಂತ ದೊಡ್ಡ ಮೂಟೆ ತಂದು ವರ್ಷಗಟ್ಟಲೆ ಇಡಬೇಡಿ. ಕಾಳು ಒಣಗಿದಷ್ಟೂ ಅರಳುವುದು ಕಡಿಮೆಯಾಗುತ್ತದೆ. ಕೊಂಡ ಕೂಡಲೇ ಬಿಗಿ ಮುಚ್ಚಳದ ಗಾಜಿನ ಜಾಡಿಗೆ ಹಾಕಿ, ಬಿಸಿಲು ಬೀಳದ, ಒಲೆಯ ಶಾಖ ತಾಗದ ಕಡೆ ಇಡಿ. ಫ್ರಿಜ್ ಬೇಡ, ಅಲ್ಲಿಯ ಗಾಳಿ ಒಣ.

ಯಾವ ಪಾತ್ರೆ?

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಇಡೀ ವಿಧಾನ ನಿಂತಿರುವುದೇ ಪಾತ್ರೆಯ ಮೇಲೆ.

ಬೇಕಾಗಿರುವುದು ಮೈಕ್ರೋವೇವ್‌ಗೆ ಸೂಕ್ತ ಅಂತ ಗುರುತಿರುವ, ಎರಡೂವರೆಯಿಂದ ಮೂರು ಲೀಟರ್ ಹಿಡಿಯುವ ಗಾಜಿನ ಬೌಲ್. ಓವನ್‌ಗೆಂದು ಮಾಡಿದ ದಪ್ಪ ಬೊರೊಸಿಲಿಕೇಟ್ ಗಾಜು ಇದ್ದರೆ ತುಂಬಾ ಒಳ್ಳೆಯದು. ತಳ ಸಮತಟ್ಟಾಗಿ ಅಗಲವಾಗಿರುವ ಬೌಲ್‌ಗಿಂತ, ತಳ ಬಾಗಿ ಇಳಿಜಾರಾಗಿರುವುದು ಮೇಲು. ಕಾಳೆಲ್ಲ ಜಾರಿ ನಡುವೆ ಗುಂಪಾಗುತ್ತದೆ. ಗುಂಪಾಗಿದ್ದರೆ ಒಂದರ ಬಿಸಿ ಇನ್ನೊಂದಕ್ಕೆ ತಾಗುತ್ತದೆ, ಹೆಚ್ಚು ಕಾಳು ಅರಳುತ್ತದೆ.

ಮೇಲೆ ಮುಚ್ಚಲು ಪಿಂಗಾಣಿ ಅಥವಾ ಗಾಜಿನ ತಟ್ಟೆ. ಅಂಚಿಗೆ ಬಂಗಾರದ ಅಥವಾ ಬೆಳ್ಳಿಯ ಬಣ್ಣದ ಗೆರೆ ಇರಬಾರದು. ಅದು ಲೋಹ, ಕಿಡಿ ಹಾರುತ್ತದೆ. ತಟ್ಟೆ ಬೌಲ್ ಮೇಲೆ ಸುಮ್ನೆ ಕೂರಬೇಕು, ಬಿಗಿಯಾಗಿ ಮುಚ್ಚಿಕೊಳ್ಳಬಾರದು. ಕಾಳಿನಿಂದ ಬರುವ ಹಬೆ ಹೊರಗೆ ಹೋಗಲು ಚೂರು ಸಂದು ಬೇಕೇ ಬೇಕು. ಬಿಗಿ ಮುಚ್ಚಳ ಹಾಕಿದರೆ ಹಬೆ ಒಳಗೇ ಸುತ್ತಿ ಪಾಪ್‌ಕಾರ್ನ್ ಮೆತ್ತಗಾಗುತ್ತದೆ. ಬೌಲ್‌ಗೆ ಮೂತಿ ಇದ್ದರೆ ಆ ಸಂದೇ ಸಾಕು. ಇಲ್ಲದಿದ್ದರೆ ತಟ್ಟೆಯನ್ನು ಕೂದಲೆಳೆಯಷ್ಟು ಓರೆಯಾಗಿ ಇಡಿ.

ಪ್ಲಾಸ್ಟಿಕ್ ಡಬ್ಬಿ ಬೇಡ, ಅದರ ಮೇಲೆ ಮೈಕ್ರೋವೇವ್ ಗುರುತಿದ್ದರೂ ಬೇಡ. ಆ ಡಬ್ಬಿಗಳಲ್ಲಿ ಹೆಚ್ಚಿನವು ಪಾಲಿಪ್ರೊಪಿಲೀನ್‌ನವು. ಅದು ಕರಗುವುದು 160 ಡಿಗ್ರಿಯ ಹತ್ತಿರ. ಅನ್ನ, ಸಾರು ಬಿಸಿ ಮಾಡುವಾಗ ನೀರಿನಂಶ ಇರುವುದರಿಂದ ಬಿಸಿ ನೂರು ಡಿಗ್ರಿಯ ಸುತ್ತ ನಿಲ್ಲುತ್ತದೆ, ಡಬ್ಬಿ ತಡೆಯುತ್ತದೆ. ಪಾಪ್‌ಕಾರ್ನ್ ಕಾಳು ಹಾಗಲ್ಲ, 180 ಡಿಗ್ರಿಗೆ ಏರುತ್ತದೆ. ಕಾಳು ತಾಗಿದ ಕಡೆ ಪ್ಲಾಸ್ಟಿಕ್ ಗುಳಿ ಬೀಳುತ್ತದೆ. ಪಾಪ್‌ಕಾರ್ನ್‌ಗೆಂದೇ ಸಿಲಿಕೋನ್ ಬೌಲ್ ಸಿಗುತ್ತದೆ, ಅದು ಈ ಬಿಸಿಯನ್ನು ತಡೆಯುತ್ತದೆ. ಮಡಚಿ ಇಡಬಹುದು, ಅನುಕೂಲವೂ ಹೌದು. ಆದರೆ ಅದಕ್ಕೆಂದೇ ದುಡ್ಡು ಹಾಕುವ ಅಗತ್ಯವಿಲ್ಲ.

ಕಂದು ಕಾಗದದ ಚೀಲದಲ್ಲಿ ಕಾಳು ಹಾಕಿ ಬಾಯಿ ಮಡಚಿ ಇಡುವ ಉಪಾಯವನ್ನು ನೀವೂ ಕೇಳಿರುತ್ತೀರಿ. ಪಾಪ್‌ಕಾರ್ನ್ ಆಗುತ್ತದೆ, ನಿಜ. ಆದರೆ ನಾನು ಅದನ್ನು ಯಾರಿಗೂ ಹೇಳಿಕೊಡುವುದಿಲ್ಲ. ಸಾಮಾನು ತುಂಬುವ ಚೀಲವನ್ನು ಅಡುಗೆಗೆಂದು ಮಾಡಿರುವುದಿಲ್ಲ. ಮರುಬಳಕೆಯ ಕಾಗದದಲ್ಲಿ ಲೋಹದ ಚೂರು ಸೇರಿರಬಹುದು. ಅಂಟು, ಶಾಯಿ ಬಿಸಿಗೆ ಹೊಗೆ ಬಿಡಬಹುದು, ಕಾಗದಕ್ಕೇ ಬೆಂಕಿ ಹತ್ತಬಹುದು. ಅಮೆರಿಕದ ಕೃಷಿ ಇಲಾಖೆ ಕೂಡ ಇಂಥ ಚೀಲಗಳನ್ನು ಮೈಕ್ರೋವೇವ್‌ನಲ್ಲಿ ಇಡಬೇಡಿ ಅಂತಲೇ ಹೇಳುತ್ತದೆ. ಗಾಜಿನ ಬೌಲ್ ಮನೆಯಲ್ಲೇ ಇರುವಾಗ ಆ ಗೋಜು ಯಾಕೆ?

ಈಗ ಮಾಡೋಣ

ಬೌಲ್ ಪೂರ್ತಿ ಒಣಗಿರಲಿ. ಮೂರು ಟೇಬಲ್ ಚಮಚ ಕಾಳು ಹಾಕಿ. ತೂಕದಲ್ಲಿ ಇದು 35ರಿಂದ 40 ಗ್ರಾಂ ಆಗುತ್ತದೆ. ಅರಳಿದಾಗ ಐದಾರು ಕಪ್ ಬರುತ್ತದೆ, ಇಬ್ಬರಿಗೆ ಧಾರಾಳ ಸಾಕು. ಒಟ್ಟು ಕ್ಯಾಲೊರಿ 130ರಿಂದ 150ರ ನಡುವೆ.

ಒಬ್ಬರಿಗೇ ಬೇಕಿದ್ದರೆ ಎರಡು ಚಮಚ ಹಾಕಿ. ಅದಕ್ಕಿಂತ ಕಡಿಮೆ ಬೇಡ. ಹತ್ತಿಪ್ಪತ್ತು ಕಾಳನ್ನಷ್ಟೇ ಇಟ್ಟರೆ ಅಲೆಗಳನ್ನು ಹೀರಿಕೊಳ್ಳಲು ಒಳಗೆ ಏನೂ ಇಲ್ಲದಂತಾಗುತ್ತದೆ. ಕಾಳು ಅರಳುವುದೂ ಕಷ್ಟ, ಮೈಕ್ರೋವೇವ್ ಖಾಲಿ ಓಡಿದ ಹಾಗಾಗಿ ಯಂತ್ರಕ್ಕೂ ಒಳ್ಳೆಯದಲ್ಲ. ಜಾಸ್ತಿ ಹಾಕುವುದೂ ಬೇಡ. ಮೇಲೆ ಅರಳಿದ್ದು ತುಂಬಿಕೊಂಡು ತಟ್ಟೆಯನ್ನು ಎತ್ತುತ್ತದೆ, ಕೆಳಗಿನ ಕಾಳು ಅರಳುವಷ್ಟರಲ್ಲಿ ಮೇಲಿನದು ಸೀಯುತ್ತದೆ. ಮನೆ ತುಂಬಾ ಜನ ಇದ್ದರೆ ಎರಡು ಸಲ ಮಾಡಿ. ನಡುವೆ ಬೌಲ್‌ಗೂ ಮೈಕ್ರೋವೇವ್‌ಗೂ ಎರಡು ನಿಮಿಷ ಬಿಡುವು ಕೊಡಿ. ಎರಡನೇ ಸಲ ಬೌಲ್ ಬೆಚ್ಚಗಿರುವುದರಿಂದ ಹೊತ್ತು ಕಡಿಮೆ ಹಿಡಿಯುತ್ತದೆ, ಅದನ್ನು ಗಮನದಲ್ಲಿಡಿ.

ತಟ್ಟೆ ಮುಚ್ಚಿ. ಬೌಲನ್ನು ತಿರುಗುವ ತಟ್ಟೆಯ ನಡುವೆ ಇಡಿ. ಪವರ್ ಪೂರ್ತಿ ಇರಲಿ. ಟೈಮರ್ ಐದು ನಿಮಿಷಕ್ಕೆ ಇಟ್ಟುಕೊಳ್ಳಿ. ಐದು ನಿಮಿಷ ಓಡಿಸಲು ಅಲ್ಲ. ನಡುವೆ ನಿಂತುಹೋಗದಿರಲಿ ಅಂತ. ನಿಲ್ಲಿಸುವವರು ನೀವು.

ಇನ್ನು ಅಲ್ಲಿಂದ ಕದಲಬೇಡಿ. ಫೋನ್ ಬಂದರೂ ಆಮೇಲೆ ನೋಡಿಕೊಳ್ಳಿ.

ಮೊದಲ ಒಂದೂವರೆ, ಎರಡು ನಿಮಿಷ ಏನೂ ಆಗುವುದಿಲ್ಲ. ಮೈಕ್ರೋವೇವ್‌ನ ಗುಂಯ್ ಸದ್ದು ಬಿಟ್ಟರೆ ಮೌನ. ಗಾಜಿನ ಒಳಬದಿಗೆ ತೆಳುವಾಗಿ ಹಬೆ ಕಟ್ಟುತ್ತದೆ. ಆಮೇಲೆ ಒಂದು ಚಟ್. ತಟ್ಟೆಗೆ ಬಡಿದು ಕೆಳಗೆ ಬೀಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ನೋಡನೋಡುತ್ತಿದ್ದಂತೆ ಒಂದರ ಮೇಲೊಂದು ಚಟಪಟ ಶುರುವಾಗುತ್ತದೆ, ಬಿಡಿಬಿಡಿಯಾಗಿ ಎಣಿಸಲಾಗದಷ್ಟು. ಅರಳಿದ್ದು ಗಾಜಿನ ಗೋಡೆಗುಂಟ ಮೇಲೇರುತ್ತದೆ. ಈ ಭರ ಒಂದು ನಿಮಿಷದಷ್ಟು ಇರುತ್ತದೆ. ನಂತರ ಸದ್ದು ತೆಳುವಾಗುತ್ತದೆ. ಚಟ್, ಚಟ್, ಸ್ವಲ್ಪ ಬಿಟ್ಟು ಚಟ್.

ಎರಡು ಸದ್ದಿನ ನಡುವೆ ಎರಡು ಸೆಕೆಂಡ್ ಅಂತರ ಬಂದ ಕೂಡಲೇ ನಿಲ್ಲಿಸಿಬಿಡಿ. ಇನ್ನೂ ನಾಲ್ಕು ಕಾಳು ಅರಳಲಿ ಅಂತ ಕಾಯಬೇಡಿ. ಅರಳಿದ ಪಾಪ್‌ಕಾರ್ನ್‌ನಲ್ಲಿ ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆ. ಅದು ಬೇಗ ಕಂದಾಗಿ, ಕರಕಲಾಗಿ, ಹೊಗೆ ಬರಲು ಅರ್ಧ ನಿಮಿಷವೂ ಬೇಡ. ನಾಲ್ಕು ಕಾಳಿನ ಆಸೆಗೆ ಇಡೀ ಬೌಲ್ ಹೋಗುತ್ತದೆ.

800ರಿಂದ 1000 ವ್ಯಾಟ್‌ನ ಮೈಕ್ರೋವೇವ್‌ನಲ್ಲಿ ಒಟ್ಟು ಮೂರರಿಂದ ನಾಲ್ಕು ನಿಮಿಷ ಹಿಡಿಯುತ್ತದೆ. 700 ವ್ಯಾಟ್‌ನದಾದರೆ ಇನ್ನೂ ಸ್ವಲ್ಪ ಜಾಸ್ತಿ. ಇದು ಅಂದಾಜಿನ ಲೆಕ್ಕ ಅಷ್ಟೇ. ಬೌಲ್‌ನ ದಪ್ಪ, ಕಾಳಿನ ತೇವ, ಮೈಕ್ರೋವೇವ್‌ನ ವಯಸ್ಸು, ವಿದ್ಯುತ್ತಿನ ಏರಿಳಿತ ಎಲ್ಲವೂ ಹೊತ್ತನ್ನು ಬದಲಿಸುತ್ತವೆ. ಅದಕ್ಕೇ ಕಿವಿಯನ್ನು ನಂಬಿ ಅಂದಿದ್ದು. ಒಮ್ಮೆ ಮಾಡಿದ ಮೇಲೆ ನಿಮ್ಮ ಮೈಕ್ರೋವೇವ್‌ಗೆ ಎಷ್ಟು ಹೊತ್ತು ಬೇಕಾಯ್ತು ಅಂತ ಜಾಡಿಯ ಮೇಲೆ ಬರೆದಿಟ್ಟರೆ ಮುಂದಿನ ಸಲಕ್ಕೆ ಗುರಿ ಸಿಗುತ್ತದೆ.

ಕೆಲವು ಮೈಕ್ರೋವೇವ್‌ಗಳಲ್ಲಿ ಪಾಪ್‌ಕಾರ್ನ್ ಅಂತಲೇ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಬೇಡಿ. ಹೆಚ್ಚಿನ ಯಂತ್ರಗಳಲ್ಲಿ ಅದು ಪ್ಯಾಕೆಟ್‌ನ ತೂಕಕ್ಕೆ ಹೊಂದಿಸಿದ ಟೈಮರ್ ಮಾತ್ರ, ನಿಮ್ಮ ಬೌಲ್‌ನ ಲೆಕ್ಕ ಅದಕ್ಕೆ ಗೊತ್ತಿರುವುದಿಲ್ಲ.

ಹೊರಗೆ ತೆಗೆಯುವಾಗ ಜೋಪಾನ. ಗಾಜು ತುಂಬಾ ಬಿಸಿ ಇರುತ್ತದೆ. ಅನ್ನ ಬಿಸಿ ಮಾಡಿದಾಗಿನ ಬಿಸಿ ಅಂತ ತಿಳಿದು ಬರಿಗೈ ಹಾಕಬೇಡಿ. ಎರಡೂ ಕೈಗೆ ಒಣಗಿದ ದಪ್ಪ ಮಸಿಬಟ್ಟೆ ಅಥವಾ ಕೈಗವಸು ಬೇಕು. ಒದ್ದೆ ಬಟ್ಟೆ ಹಿಡಿದರೆ ಬಿಸಿ ತಕ್ಷಣ ಕೈಗೆ ಹತ್ತುತ್ತದೆ. ಬೌಲನ್ನು ಮರದ ಹಲಗೆಯ ಮೇಲೋ ಮಡಚಿದ ಬಟ್ಟೆಯ ಮೇಲೋ ಇಡಿ. ತಣ್ಣಗಿನ ಕಲ್ಲಿನ ಮೇಲೆ, ಒದ್ದೆ ಕಟ್ಟೆಯ ಮೇಲೆ ಇಟ್ಟರೆ ಗಾಜು ಒಡೆಯಬಹುದು. ತಟ್ಟೆಯನ್ನು ನಿಮ್ಮಿಂದ ಆಚೆ ಬದಿಗೆ ಮೊದಲು ಎತ್ತಿ, ಹಬೆ ಮುಖಕ್ಕೆ ಹೊಡೆಯುವುದಿಲ್ಲ. ಎತ್ತುವ ಮುಂಚೆ ಅರ್ಧ ನಿಮಿಷ ಬಿಡುವುದೂ ಒಳ್ಳೆಯದು. ತಡವಾಗಿ ಸಿಡಿಯುವ ಕಾಳು ಒಂದೆರಡು ಇದ್ದೇ ಇರುತ್ತದೆ.

ತಟ್ಟೆ ತೆಗೆದ ಮೇಲೆ ಪಾಪ್‌ಕಾರ್ನನ್ನು ಬೇರೆ ಅಗಲ ಪಾತ್ರೆಗೆ ಸುರಿಯಿರಿ. ಬಿಸಿ ಗಾಜಿನಲ್ಲೇ ಬಿಟ್ಟರೆ ತಳದ್ದು ಇನ್ನಷ್ಟು ಹುರಿದು ಕಂದಾಗುತ್ತದೆ. ಅಗಲ ಪಾತ್ರೆಯಲ್ಲಿ ಉಳಿದ ಹಬೆಯೂ ಹಾರಿಹೋಗುತ್ತದೆ. ಒಂದು ನಿಮಿಷ ಬಿಟ್ಟು ತಿಂದು ನೋಡಿ. ಸುರಿದ ಕೂಡಲೇ ತಿಂದದ್ದಕ್ಕಿಂತ ಗರಿಗರಿಯಾಗಿರುತ್ತದೆ.

ತಳದಲ್ಲಿ ಉಳಿಯುವ ಕಾಳು

ಇದರ ಬಗ್ಗೆ ಮುಚ್ಚುಮರೆ ಬೇಡ. ಬೌಲ್‌ನಲ್ಲಿ ಮಾಡಿದಾಗ ಅರಳದೆ ಉಳಿಯುವ ಕಾಳು ಪ್ಯಾಕೆಟ್‌ಗಿಂತ ಸ್ವಲ್ಪ ಜಾಸ್ತಿಯೇ. ಕಾರಣ ಇದೆ. ಪ್ಯಾಕೆಟ್‌ನ ಒಂದು ಬದಿಯಲ್ಲಿ ಕಾಗದದ ಪದರಗಳ ನಡುವೆ ಲೋಹ ಲೇಪಿಸಿದ ತೆಳು ಹಾಳೆ ಇರುತ್ತದೆ. ಅದು ಅಲೆಗಳನ್ನು ಹೀರಿ ತಾನೇ ಕಾದು ಕಾಳಿಗೆ ಕೆಳಗಿನಿಂದಲೂ ಬಿಸಿ ಕೊಡುತ್ತದೆ. ಈ ಬದಿ ಕೆಳಗೆ ಇರಲಿ ಅಂತ ಪ್ಯಾಕೆಟ್ ಮೇಲೆ ಬರೆದಿರುವುದು ಅದಕ್ಕೇ. ಗಾಜಿಗೆ ಆ ಅನುಕೂಲ ಇಲ್ಲ.

ಉಳಿಕೆ ಕಡಿಮೆ ಮಾಡಲು ಸುಲಭ ದಾರಿ ಅಂದರೆ ಮೂರು ಚಮಚ ಕಾಳಿಗೆ ಒಂದು ಸಣ್ಣ ಟೀ ಚಮಚ ಎಣ್ಣೆ ಸವರುವುದು. ಕಾಳು ಹೊಳೆಯುವಷ್ಟು ಕಲಸಿ, ಆಮೇಲೆ ಮುಚ್ಚಿ ಇಡಿ. ಒಂದು ಟೀ ಚಮಚ ಎಣ್ಣೆ ಅಂದರೆ 40 ಕ್ಯಾಲೊರಿ. ಐದಾರು ಕಪ್‌ಗೆ ಹಂಚಿದರೆ ಕಪ್‌ಗೆ ಏಳೆಂಟು ಕ್ಯಾಲೊರಿ ಮಾತ್ರ ಹೆಚ್ಚು. ಕಾಳಿಗೆ ಬಿಸಿ ಸಮನಾಗಿ ಹರಡುತ್ತದೆ, ಉಪ್ಪೂ ಅಂಟುತ್ತದೆ. ಕ್ಯಾಲೊರಿಯನ್ನು ಕಟ್ಟುನಿಟ್ಟಾಗಿ ಎಣಿಸುವವರಲ್ಲದಿದ್ದರೆ ಇದೇ ನನಗೆ ಹೆಚ್ಚು ಹಿಡಿಸುವ ವಿಧಾನ. ರುಚಿಯ ವ್ಯತ್ಯಾಸ ನಾಲಿಗೆಗೆ ಗೊತ್ತಾಗುತ್ತದೆ.

ಮೂರನೇ ಒಂದು ಭಾಗದಷ್ಟು ಕಾಳು ಹಾಗೇ ಉಳಿಯುತ್ತಿದ್ದರೆ ವಿಷಯ ಬೇರೆ. ಆಗ ಕಾಳೇ ಒಣಗಿದೆ ಅಂತ ಅರ್ಥ. ಒಳಗೆ ಸಾಕಷ್ಟು ನೀರಿಲ್ಲ, ಒತ್ತಡ ಏರುವುದಿಲ್ಲ. ಇಂಥ ಕಾಳನ್ನು ಎಸೆಯಬೇಡಿ, ಸರಿಮಾಡಬಹುದು. ಮೂರು ಕಪ್ ಕಾಳನ್ನು ಒಂದು ಲೀಟರ್‌ನ ಜಾಡಿಗೆ ಹಾಕಿ ಒಂದು ಟೇಬಲ್ ಚಮಚ ನೀರು ಸೇರಿಸಿ. ಮುಚ್ಚಳ ಬಿಗಿಮಾಡಿ ಕುಲುಕಿ. ನೀರು ಪೂರ್ತಿ ಹೀರುವ ತನಕ ಐದೈದು ನಿಮಿಷಕ್ಕೊಮ್ಮೆ ಕುಲುಕುತ್ತಿರಿ. ಆಮೇಲೆ ಎರಡು ಮೂರು ದಿನ ಮುಚ್ಚಿಡಿ, ನೀರು ತಿರುಳಿನ ತನಕ ಇಳಿಯಬೇಕು. ನಂತರ ಒಂದು ಸಲದ ಅಳತೆ ಅರಳಿಸಿ ನೋಡಿ. ಇನ್ನೂ ಸರಿಹೋಗದಿದ್ದರೆ ಮತ್ತೆ ಒಂದು ಟೀ ಚಮಚ ನೀರು ಸೇರಿಸಿ ಹೀಗೇ ಮಾಡಿ. ಒಮ್ಮೆಲೇ ಜಾಸ್ತಿ ನೀರು ಹಾಕಬೇಡಿ. ನೀರು ಹೆಚ್ಚಾದರೆ ಸಿಪ್ಪೆ ಬೇಗ ಬಿರಿದು ಸಣ್ಣ, ಗಟ್ಟಿ ಹೂವಾಗುತ್ತದೆ, ಜಾಡಿಯಲ್ಲಿ ಬೂಷ್ಟು ಹಿಡಿಯುವ ಭಯವೂ ಇದೆ.

ಸಿಪ್ಪೆಯಲ್ಲಿ ಸೀಳು ಬಿದ್ದ ಕಾಳು ಮಾತ್ರ ಎಷ್ಟು ನೀರು ಕುಡಿಸಿದರೂ ಅರಳದು. ಹಬೆ ಆ ಸೀಳಿನಿಂದಲೇ ಸೋರಿಹೋಗುತ್ತದೆ. ಒಮ್ಮೆ ಬಿಸಿಯಾಗಿ ಅರಳದೆ ಉಳಿದ ಕಾಳನ್ನೂ ಮತ್ತೆ ಮೈಕ್ರೋವೇವ್‌ಗೆ ಇಡಬೇಡಿ. ಅದರಲ್ಲಿ ನೀರು ಇನ್ನೂ ಕಡಿಮೆ ಆಗಿರುತ್ತದೆ, ಸೀಯುವುದೇ ಹೆಚ್ಚು. ಅದನ್ನು ಕಡಿಯಲೂ ಹೋಗಬೇಡಿ, ಹಲ್ಲು ಮುರಿಯುವಷ್ಟು ಗಟ್ಟಿ.

ಉಪ್ಪು ಅಂಟುವುದಿಲ್ಲ ಅನ್ನುವವರಿಗೆ

ಎಣ್ಣೆ ಇಲ್ಲದ ಪಾಪ್‌ಕಾರ್ನ್‌ನ ದೊಡ್ಡ ತಕರಾರು ಇದು. ಮೇಲೆ ಹಾಕಿದ ಉಪ್ಪೆಲ್ಲ ತಳ ಸೇರುತ್ತದೆ. ಮೇಲಿನದು ಸಪ್ಪೆ, ಕೊನೆಯ ಹಿಡಿ ಉಪ್ಪುಪ್ಪು.

ಮೊದಲ ಮದ್ದು ಉಪ್ಪನ್ನೇ ನುಣ್ಣಗೆ ಮಾಡುವುದು. ನಾಲ್ಕು ಚಮಚ ಪುಡಿ ಉಪ್ಪನ್ನು ಒಣ ಮಿಕ್ಸಿ ಜಾರಿನಲ್ಲಿ ಹಿಟ್ಟಿನಷ್ಟು ನುಣ್ಣಗೆ ತಿರುವಿ ಚಿಕ್ಕ ಡಬ್ಬಿಗೆ ತುಂಬಿಡಿ. ಈ ಉಪ್ಪು ಅರಳಿದ ಜೋಳದ ಸಂದುಗಳಲ್ಲಿ ನಿಲ್ಲುತ್ತದೆ. ಹರಳು ಸಣ್ಣದಾದಷ್ಟೂ ನಾಲಿಗೆಯಲ್ಲಿ ಬೇಗ ಕರಗುತ್ತದೆ, ಹಾಗಾಗಿ ಕಡಿಮೆ ಉಪ್ಪಿಗೇ ರುಚಿ ಬರುತ್ತದೆ. ಇದು ಚಿಕ್ಕ ಲಾಭವಲ್ಲ. ದೊಡ್ಡವರಿಗೆ ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾಲು ಟೀ ಚಮಚ ಉಪ್ಪೇ ಸುಮಾರು ಒಂದೂವರೆ ಗ್ರಾಂ ಆಗುತ್ತದೆ. ಮೂರು ಚಮಚ ಕಾಳಿನ ಪಾಪ್‌ಕಾರ್ನ್‌ಗೆ ಒಂದೆರಡು ಚಿಟಿಕೆಗಿಂತ ಜಾಸ್ತಿ ಬೇಡ.

ಎರಡನೆಯದು ಸ್ಪ್ರೇ ಬಾಟಲಿ. ಅಡುಗೆ ಎಣ್ಣೆಯನ್ನು ಮಂಜಿನ ಹನಿಯಾಗಿ ಸಿಂಪಡಿಸುವ ಬಾಟಲಿ ಇದ್ದರೆ ಎರಡು ಸಲ ಒತ್ತಿ, ಕೂಡಲೇ ಉಪ್ಪು ಉದುರಿಸಿ ಪಾತ್ರೆ ಕುಲುಕಿ. ಅರ್ಧ ಟೀ ಚಮಚಕ್ಕಿಂತ ಕಡಿಮೆ ಎಣ್ಣೆಯಲ್ಲಿ ಕೆಲಸ ಮುಗಿಯುತ್ತದೆ. ನೀರು ಸಿಂಪಡಿಸಬೇಡಿ. ನೀರು ತಾಗಿದ ಕಡೆ ಪಾಪ್‌ಕಾರ್ನ್ ಕುಗ್ಗಿ ಜಿಗುಟಾಗುತ್ತದೆ. ನಿಂಬೆರಸ ಹಿಂಡಿದರೂ ಅದೇ ಗತಿ.

ಮಸಾಲೆಗೆ ಕ್ಯಾಲೊರಿಯ ಚಿಂತೆಯೇ ಇಲ್ಲ. ಕಾಳುಮೆಣಸಿನ ಪುಡಿ, ಖಾರದ ಪುಡಿ, ಹುರಿದ ಜೀರಿಗೆ ಪುಡಿ, ಬೆಳ್ಳುಳ್ಳಿ ಪುಡಿ, ಚಿಟಿಕೆ ಅರಿಸಿನ, ಯಾವುದಾದರೂ ಸರಿ. ಎಲ್ಲವೂ ಒಣಗಿರಬೇಕು, ನುಣ್ಣಗಿರಬೇಕು. ಉಪ್ಪಿನ ಜೊತೆ ಮೊದಲೇ ಬೆರೆಸಿಟ್ಟುಕೊಂಡರೆ ಸಮನಾಗಿ ಹರಡುತ್ತದೆ. ಪಾಪ್‌ಕಾರ್ನ್ ಬಿಸಿ ಇರುವಾಗಲೇ ಹಾಕಿ. ಮಸಾಲೆಯನ್ನು ಕಾಳಿನ ಜೊತೆ ಮೈಕ್ರೋವೇವ್‌ನಲ್ಲಿ ಇಡಬೇಡಿ, ಸೀದು ಕಹಿಯಾಗುತ್ತದೆ. ಖಾರದ ಪುಡಿ ಸೀದರೆ ಆ ಘಾಟಿಗೆ ಮನೆಯವರೆಲ್ಲ ಕೆಮ್ಮಬೇಕಾಗುತ್ತದೆ.

ಸಿಹಿ ಬೇಕು ಅನ್ನಿಸಿದರೆ ಒಂದು ಟೀ ಚಮಚ ಪುಡಿ ಸಕ್ಕರೆಗೆ ಚಿಟಿಕೆ ದಾಲ್ಚಿನ್ನಿ ಪುಡಿ ಬೆರೆಸಿ ಉದುರಿಸಿ. ಒಂದು ಟೀ ಚಮಚ ಸಕ್ಕರೆಗೆ 16 ಕ್ಯಾಲೊರಿ. ಪಾಕ ಮಾಡಿ ಹೊಯ್ದರೆ ಮಾತ್ರ ಲೆಕ್ಕ ಕೈಮೀರುತ್ತದೆ. ಬೆಣ್ಣೆಯೂ ಹಾಗೇ. ಒಂದು ಟೇಬಲ್ ಚಮಚ ಬೆಣ್ಣೆಯಲ್ಲಿ ನೂರು ಕ್ಯಾಲೊರಿ ಇದೆ, ಅಂದರೆ ಮೂರು ಕಪ್ ಪಾಪ್‌ಕಾರ್ನ್‌ನಷ್ಟು. ಬೆಣ್ಣೆ ಇಷ್ಟವಿದ್ದರೆ ಅಳೆದು ಅರ್ಧ ಟೀ ಚಮಚ ಕರಗಿಸಿ ಹಾಕಿ ಕುಲುಕಿ, ಸಂತೋಷವಾಗಿ ತಿನ್ನಿ. ಅಳೆಯದೆ ಸುರಿಯುವುದು ಬೇಡ ಅಷ್ಟೇ.

ಪ್ಯಾಕೆಟ್‌ನ ಬಗ್ಗೆ ಎರಡು ಮಾತು

ಪ್ಯಾಕೆಟ್ ಪಾಪ್‌ಕಾರ್ನ್‌ನ ಹಿಂಬದಿಯ ಪಟ್ಟಿ ಓದಿ. ಬೆಣ್ಣೆ ರುಚಿಯ ಹಲವು ಬಗೆಗಳಲ್ಲಿ ತೂಕದ ಕಾಲು ಭಾಗಕ್ಕಿಂತ ಹೆಚ್ಚು ಕೊಬ್ಬೇ ಇರುತ್ತದೆ. ಅದರಲ್ಲೂ ಹೆಚ್ಚಾಗಿ ತಾಳೆ ಎಣ್ಣೆ. ಪ್ರತಿ ಸರ್ವಿಂಗ್‌ಗೆ ಇಷ್ಟು ಕ್ಯಾಲೊರಿ ಅಂತ ಚಿಕ್ಕ ಸಂಖ್ಯೆ ಬರೆದಿದ್ದರೆ, ಪ್ಯಾಕೆಟ್‌ನಲ್ಲಿ ಎಷ್ಟು ಸರ್ವಿಂಗ್ ಅಂತಲೂ ನೋಡಿ. ಇಡೀ ಪ್ಯಾಕೆಟ್ ಒಬ್ಬರೇ ಮುಗಿಸುವುದು ಮಾಮೂಲು, ಅಲ್ವಾ?

ಇನ್ನೊಂದು ವಿಷಯ ಕೃತಕ ಬೆಣ್ಣೆ ಪರಿಮಳದ್ದು. ಅದಕ್ಕೆ ಬಳಸುತ್ತಿದ್ದ ಡೈಅಸಿಟೈಲ್ ಎಂಬ ರಾಸಾಯನಿಕದ ಆವಿಯನ್ನು ದಿನವೂ ಉಸಿರಾಡಿದ ಕಾರ್ಮಿಕರಿಗೆ ಗುಣವಾಗದ ಶ್ವಾಸಕೋಶದ ಕಾಯಿಲೆ ಬಂದದ್ದು 2000ದಲ್ಲಿ ಅಮೆರಿಕದ ಮಿಸೌರಿಯಲ್ಲಿ ಬೆಳಕಿಗೆ ಬಂತು. ಅಲ್ಲಿನ ದೊಡ್ಡ ತಯಾರಕರು 2007ರ ಹೊತ್ತಿಗೆ ಅದನ್ನು ಕೈಬಿಡತೊಡಗಿದರು. ಎಣ್ಣೆ ಒಸರದಂತೆ ಚೀಲದ ಕಾಗದಕ್ಕೆ ಬಳಸುತ್ತಿದ್ದ ಪಿಎಫ್‌ಎಎಸ್ ಗುಂಪಿನ ರಾಸಾಯನಿಕಗಳ ಮಾರಾಟ ಆಹಾರ ಪೊಟ್ಟಣಗಳ ಮಟ್ಟಿಗೆ ಅಮೆರಿಕದಲ್ಲಿ ನಿಂತಿದೆ ಅಂತ ಅಲ್ಲಿಯ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರವರಿಯಲ್ಲಿ ಹೇಳಿತು. ಎಲ್ಲ ದೇಶಗಳ ನಿಯಮ ಒಂದೇ ಅಲ್ಲ. ಗಾಜಿನ ಬೌಲ್‌ನಲ್ಲಿ ಬರೀ ಕಾಳು ಅರಳಿಸುವವರಿಗೆ ಈ ಎರಡೂ ತಲೆನೋವಿಲ್ಲ.

ಮಕ್ಕಳಿದ್ದರೆ, ಮತ್ತು ಉಳಿದರೆ

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪಾಪ್‌ಕಾರ್ನ್ ಕೊಡಲೇಬೇಡಿ. ಒಂದೇ ಒಂದು ಕೊಟ್ಟರೆ ಏನಾಗುತ್ತೆ ಅನ್ನುವ ಮಾತೂ ಬೇಡ. ಅರಳಿದ್ದೂ, ಅರಳದ ಕಾಳೂ ಉಸಿರಿನ ನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಮಕ್ಕಳಾದರೂ ಕೂತು ತಿನ್ನಲಿ, ಓಡಾಡುತ್ತಾ ನಗುತ್ತಾ ತಿನ್ನುವುದು ಬೇಡ. ಬೌಲ್ ಹೊರಗೆ ತೆಗೆಯುವ ಕೆಲಸ ದೊಡ್ಡವರೇ ಮಾಡಲಿ.

ಉಳಿದ ಪಾಪ್‌ಕಾರ್ನ್ ಪೂರ್ತಿ ತಣಿದ ಮೇಲೆ ಬಿಗಿ ಡಬ್ಬಿಗೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಬೆವರಿ ಮೆತ್ತಗಾಗುತ್ತದೆ. ಎಣ್ಣೆ ಹಾಕದ್ದು ಎರಡು ಮೂರು ದಿನ ಚೆನ್ನಾಗಿರುತ್ತದೆ. ಮೆತ್ತಗಾದದ್ದನ್ನು ಮತ್ತೆ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಬೇಡಿ, ರಬ್ಬರ್ ಆಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಕೈಯಾಡಿಸಿದರೆ ಗರಿಗರಿ ಮರಳುತ್ತದೆ.

ಸೀದು ಹೊಗೆ ಬಂದರೆ ಮೈಕ್ರೋವೇವ್ ಆಫ್ ಮಾಡಿ, ಬಾಗಿಲು ತೆರೆಯಬೇಡಿ. ಗಾಳಿ ಸಿಕ್ಕರೆ ಉರಿ ಹತ್ತಬಹುದು. ಪ್ಲಗ್ ತೆಗೆದು ಹೊಗೆ ಅಡಗುವ ತನಕ ಕಾಯಿರಿ. ಆಮೇಲೆ ಬೌಲನ್ನು ತಾನಾಗಿ ತಣಿಯಲು ಬಿಡಿ, ನಲ್ಲಿ ನೀರು ಹಿಡಿಯಬೇಡಿ. ಸೀದ ವಾಸನೆ ಹೋಗಲು ಒಂದು ಬಟ್ಟಲು ನೀರಿಗೆ ಅರ್ಧ ನಿಂಬೆಹಣ್ಣು ಹೆಚ್ಚಿ ಹಾಕಿ, ಒಂದು ಮರದ ಸೌಟು ಅದರಲ್ಲೇ ಇಟ್ಟು ಮೂರು ನಿಮಿಷ ಕಾಯಿಸಿ. ಸೌಟು ಇದ್ದರೆ ನೀರು ಹಠಾತ್ತನೆ ಉಕ್ಕುವುದಿಲ್ಲ. ಐದು ನಿಮಿಷ ಬಾಗಿಲು ಮುಚ್ಚಿಯೇ ಬಿಟ್ಟು, ಒಳಗೆಲ್ಲ ಬಟ್ಟೆಯಿಂದ ಒರೆಸಿ, ಬಾಗಿಲು ತೆರೆದಿಡಿ.